ಎಐ ಡಿಟೆಕ್ಟರ್ ‘ಶೇ. 85’ ಎಂದು ತೋರಿಸಿದರೆ ಪ್ರಬಂಧಕ್ಕೆ ಸೊನ್ನೆ ಕೊಡಬಹುದೇ?

ನೀವು ಕೇಳಿದ್ದು: ಒಂಬತ್ತನೇ ತರಗತಿಯ ಹುಡುಗಿ ಮನೆಯಲ್ಲಿ ಬರೆದು ತಂದ ಇಂಗ್ಲಿಷ್ ಪ್ರಬಂಧವನ್ನು, ಬರಹ ಎಐಯದೋ ಮನುಷ್ಯರದೋ ಎಂದು ಊಹಿಸುವ ಡಿಟೆಕ್ಟರ್‌ಗೆ ಹಾಕಿದಾಗ ‘ಶೇ. 85 ಎಐ’ ಎಂದು ಬಂದಿದೆ, ಅವಳು ನಾನೇ ಬರೆದದ್ದು ಅನ್ನುತ್ತಿದ್ದಾಳೆ. ಸೊನ್ನೆ ಕೊಡಬಹುದೇ, ಮುಂದೆ ತರಗತಿಯಲ್ಲಿ ಎಂಥ ನಿಯಮ ಇಡಬೇಕು?

ಆ ಅಂಕಿಯೊಂದನ್ನೇ ನೆಚ್ಚಿ ಸೊನ್ನೆ ಕೊಡಬೇಡಿ. ಬರೆದವರು ಯಾರೆಂದು ಡಿಟೆಕ್ಟರ್‌ಗೆ ಗೊತ್ತಾಗುವುದಿಲ್ಲ. ಒಂದು ಪದ ಆದಮೇಲೆ ಬರುವ ಪದವನ್ನು ಎಷ್ಟು ಸುಲಭವಾಗಿ ಊಹಿಸಬಹುದು, ವಾಕ್ಯಗಳ ಉದ್ದ ಎಷ್ಟು ಏರಿಳಿಯುತ್ತದೆ ಎಂಬಂಥ ಲಕ್ಷಣಗಳನ್ನು ಅದು ಅಳೆಯುತ್ತದೆ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು ಗೊತ್ತಿರುವ ಕೆಲವೇ ಪದಗಳಲ್ಲಿ, ಒಂದೇ ಅಳತೆಯ ವಾಕ್ಯಗಳಲ್ಲಿ ಬರೆಯುತ್ತಾರೆ. ಅದು ಯಂತ್ರದ ಬರಹದಂತೆಯೇ ಕಾಣುತ್ತದೆ. 2023ರಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ಇಂಗ್ಲಿಷ್ ಮಾತೃಭಾಷೆಯಲ್ಲದವರು ಬರೆದ 91 ಟೋಫೆಲ್ (ಇಂಗ್ಲಿಷ್ ಸಾಮರ್ಥ್ಯ ಅಳೆಯುವ ಪರೀಕ್ಷೆ) ಪ್ರಬಂಧಗಳನ್ನು ಏಳು ಡಿಟೆಕ್ಟರ್‌ಗಳಿಗೆ ಕೊಟ್ಟು ನೋಡಿದರು. ಸರಾಸರಿ ಶೇ. 61ರಷ್ಟನ್ನು ಅವು ಎಐ ಬರಹವೆಂದು ತಪ್ಪಾಗಿ ಗುರುತಿಸಿದವು. ಚಾಟ್‌ಜಿಪಿಟಿ ತಯಾರಿಸಿದ ಓಪನ್‌ಎಐ ಕೂಡ 2023ರ ಜನವರಿಯಲ್ಲಿ ತನ್ನದೇ ಪತ್ತೆ ಸಾಧನ ಬಿಟ್ಟು, ನಿಖರತೆ ಸಾಲದೆಂದು ಜುಲೈನಲ್ಲಿ ಹಿಂತೆಗೆದುಕೊಂಡಿತು.

ಹೊಸ ಸಾಧನಗಳು ಸುಧಾರಿಸಿವೆ ಎಂದೇ ಇಟ್ಟುಕೊಳ್ಳಿ, ಆಗಲೂ ಒಂದು ಲೆಕ್ಕ ಉಳಿಯುತ್ತದೆ. ನೂರು ಮಕ್ಕಳಲ್ಲಿ ಹತ್ತು ಮಂದಿ ಎಐಯಿಂದ ಬರೆಸಿದ್ದಾರೆ ಅಂದುಕೊಳ್ಳಿ. ಸಾಧನ ಹತ್ತರಲ್ಲಿ ಎಂಟನ್ನು ಹಿಡಿಯುತ್ತದೆ, ತಾವೇ ಬರೆದವರಲ್ಲಿ ಶೇ. 5 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಅಂದರೆ 90ರಲ್ಲಿ ನಾಲ್ಕೈದು ಮಕ್ಕಳು. ಸಿಕ್ಕಿಬಿದ್ದ ಹನ್ನೆರಡು ಚಿಲ್ಲರೆ ಮಕ್ಕಳಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನವರು ತಪ್ಪೇ ಮಾಡಿಲ್ಲ! ಇನ್ನು ‘ಶೇ. 85’ ಎಂಬುದರ ಅರ್ಥವೂ ಸಾಧನದಿಂದ ಸಾಧನಕ್ಕೆ ಬೇರೆ. ಕೆಲವದರಲ್ಲಿ ಅದು ಎಐಯಂತೆ ಕಂಡ ಭಾಗದ ಪ್ರಮಾಣ, ಕೆಲವದರಲ್ಲಿ ಸಾಧನ ತನ್ನ ಊಹೆಯ ಮೇಲಿಟ್ಟ ಭರವಸೆ.

ಹಾಗಾದರೆ ಅನುಮಾನ ಬಂದಾಗ ಏನು ಮಾಡಬೇಕು? ಮೊದಲು ಅವಳು ತರಗತಿಯಲ್ಲಿ ಕೂತು ಬರೆದ ಎರಡು ಮೂರು ಹಾಳೆಗಳನ್ನು ಪಕ್ಕದಲ್ಲಿಟ್ಟು ಓದಿ. ಪ್ರಬಂಧವನ್ನು ಗೂಗಲ್ ಡಾಕ್ಸ್‌ನಂಥದ್ದರಲ್ಲಿ ಬರೆದಿದ್ದರೆ ವರ್ಷನ್ ಹಿಸ್ಟರಿ, ಅಂದರೆ ಕಡತ ಹಂತಹಂತವಾಗಿ ಬದಲಾದ ದಾಖಲೆ, ತೋರಿಸಲು ಹೇಳಿ. ತಾನೇ ಬರೆದವರ ಕಡತ ಸಾಮಾನ್ಯವಾಗಿ ತುಂಡುತುಂಡಾಗಿ ಬೆಳೆದಿರುತ್ತದೆ, ಅಳಿಸಿದ್ದು ತಿದ್ದಿದ್ದು ಕಾಣುತ್ತದೆ. ಆದರೆ ಇದೂ ಪೂರ್ತಿ ಸಾಕ್ಷಿಯಲ್ಲ. ನೋಟ್‌ಬುಕ್ಕಿನಲ್ಲಿ ಬರೆದು ಕೊನೆಗೆ ಒಮ್ಮೆಲೇ ಟೈಪ್ ಮಾಡುವವರಿದ್ದಾರೆ. ಎಐ ಕೊಟ್ಟದ್ದನ್ನು ನೋಡಿಕೊಂಡು ನಿಧಾನವಾಗಿ ಟೈಪ್ ಮಾಡುವವರೂ ಇದ್ದಾರೆ.

ಹೆಚ್ಚು ತಿಳಿಯುವುದು ಮಾತಿನಲ್ಲಿ. ಐದರಿಂದ ಏಳು ನಿಮಿಷ, ಪ್ರಬಂಧ ಅವಳ ಕೈಯಲ್ಲೇ ಇರಲಿ. ‘ನೀನೇ ಬರೆದೆಯಾ?’ ಎಂಬ ಪ್ರಶ್ನೆ ಬೇಡ, ಅದಕ್ಕೆ ಬರುವ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಒಳಗಿನದ್ದನ್ನು ಕೇಳಿ: ಮೂರನೇ ಪ್ಯಾರಾದ ಈ ಮಾತು ಎಲ್ಲಿ ಸಿಕ್ಕಿತು? ಈ ಉದಾಹರಣೆ ತೆಗೆದುಹಾಕಿದರೆ ನಿನ್ನ ವಾದ ನಿಲ್ಲುತ್ತದಾ? ಇದನ್ನು ಒಪ್ಪದವರು ಏನು ಹೇಳಬಹುದು? ಎದುರುಬದುರು ಕೂತರೆ ಬಾಯಿ ಕಟ್ಟುವ ಮಕ್ಕಳಿಗೆ ಅದೇ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಟ್ಟು ಹತ್ತು ನಿಮಿಷ ಬಿಡಿ. ಅನುಮಾನ ಬಂದವರನ್ನಷ್ಟೇ ಕರೆದರೆ ಅದು ವಿಚಾರಣೆಯಂತಾಗುತ್ತದೆ. ಪ್ರತಿ ಅಸೈನ್‌ಮೆಂಟ್‌ಗೆ ಚೀಟಿ ಎತ್ತಿ ಐದಾರು ಮಂದಿಯನ್ನು ಕರೆಯುವ ಪದ್ಧತಿ ಇದ್ದರೆ ಯಾರಿಗೂ ಅವಮಾನವಿಲ್ಲ.

ನಿಯಮದ ವಿಷಯ. ‘ಎಐ ಬಳಸಬಾರದು’ ಎಂಬ ಒಂದೇ ಸಾಲು ನಿಲ್ಲುವುದಿಲ್ಲ. ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳು 2023ರ ಜನವರಿಯಲ್ಲಿ ಚಾಟ್‌ಜಿಪಿಟಿಯನ್ನು ತಡೆದು ಮೇ ತಿಂಗಳಲ್ಲೇ ಆ ನಿಲುವು ಬಿಟ್ಟವು. ‘ಜವಾಬ್ದಾರಿಯಿಂದ ಬಳಸಿ’ ಎಂದರೂ ಮಕ್ಕಳಿಗೆ ಏನೂ ಗೊತ್ತಾಗುವುದಿಲ್ಲ. ಪ್ರತಿ ಅಸೈನ್‌ಮೆಂಟಿನ ಮೇಲ್ಗಡೆ, ಈ ಕೆಲಸದಲ್ಲಿ ಮಗು ಸ್ವಂತ ತಲೆಯಿಂದ ಮಾಡಲೇಬೇಕಾದದ್ದು ಏನು ಎಂದು ಬರೆಯಿರಿ. ನೈತಿಕತೆಯ ಪ್ರಶ್ನೆ ನನ್ನ ಮಟ್ಟಿಗೆ ಇಲ್ಲೇ ಇದೆ: ಕಲಿಯಬೇಕಾದ ಶ್ರಮವನ್ನು ಯಾರು ಪಟ್ಟರು? ವಾದ ಕಟ್ಟುವುದು ಕಲಿಕೆಯಾದರೆ ಕಾಗುಣಿತ ತಿದ್ದಿಸಿಕೊಳ್ಳಲಿ, ವಾದ ಅವರದ್ದಿರಲಿ. ಕಾಗುಣಿತವೇ ಪಾಠವಾದರೆ ಅದಕ್ಕೂ ಬಿಡುವ ಹಾಗಿಲ್ಲ. ಕೊನೆಯಲ್ಲಿ ಮೂರು ಸಾಲು ಬರೆಸಿ: ಯಾವ ಸಾಧನ, ಏನು ಕೇಳಿದೆ, ಬಂದದ್ದರಲ್ಲಿ ಏನು ಇಟ್ಟುಕೊಂಡೆ ಏನು ಬಿಟ್ಟೆ. ಪ್ರಾಮಾಣಿಕವಾಗಿ ಬರೆದವರ ಅಂಕ ಕತ್ತರಿಸಿದರೆ ಮುಂದಿನ ಸಲ ಆ ಮೂರು ಸಾಲು ಸುಳ್ಳಾಗುತ್ತವೆ, ಇದನ್ನು ಮಾತ್ರ ದಯವಿಟ್ಟು ಮರೆಯಬೇಡಿ.

ಅಭ್ಯಾಸಕ್ಕೆ ಎಐ ಬಳಸುವುದಾದರೆ ಟರ್ಕಿಯ ಪ್ರೌಢಶಾಲೆಯೊಂದರಲ್ಲಿ ಸುಮಾರು ಸಾವಿರ ಮಕ್ಕಳ ಗಣಿತ ಕಲಿಕೆಯ ಮೇಲೆ ನಡೆದ ಪ್ರಯೋಗವನ್ನು ನೋಡಿ. ಮಾಮೂಲಿ ಚಾಟ್‌ಬಾಟ್ ಸಿಕ್ಕ ಮಕ್ಕಳ ಅಭ್ಯಾಸದ ಅಂಕ ಶೇ. 48 ಏರಿತು, ಅದನ್ನು ಕಿತ್ತುಕೊಂಡು ಪರೀಕ್ಷೆ ಕೊಟ್ಟಾಗ, ಎಂದೂ ಬಳಸದಿದ್ದವರಿಗಿಂತ ಶೇ. 17 ಕಡಿಮೆ ಬಂತು. ಉತ್ತರ ಹೇಳದೆ ಸುಳಿವು ಮಾತ್ರ ಕೊಡುವಂತೆ ಕಟ್ಟಿದ ಬಾಟ್ ಬಳಸಿದವರಿಗೆ ಈ ನಷ್ಟ ಬಹುಪಾಲು ತಪ್ಪಿತು. ಆ ಬಾಟ್‌ಗೆ ಪ್ರತಿ ಲೆಕ್ಕದ ಸರಿ ಉತ್ತರವನ್ನೂ ಮಕ್ಕಳು ಸಾಮಾನ್ಯವಾಗಿ ಮಾಡುವ ತಪ್ಪುಗಳನ್ನೂ ಮೊದಲೇ ಕೊಟ್ಟಿದ್ದರು. ನೀವೂ ಹಾಗೆಯೇ ಸೂಚನೆ ಬರೆಯಬಹುದು: ‘ಉತ್ತರ ಹೇಳಬೇಡ. ಮೊದಲು ವಿದ್ಯಾರ್ಥಿಯ ಪ್ರಯತ್ನ ಕೇಳು. ಒಂದು ಸಲಕ್ಕೆ ಒಂದೇ ಸುಳಿವು. ಸರಿ ಉತ್ತರ ಇದು, ಸಾಮಾನ್ಯ ತಪ್ಪುಗಳು ಇವು.’ ತರಗತಿಗೆ ಕೊಡುವ ಮುನ್ನ ನೀವೇ ವಿದ್ಯಾರ್ಥಿಯಂತೆ ಮೂರು ನಾಲ್ಕು ಸಲ ‘ಉತ್ತರ ಹೇಳಿಬಿಡು’ ಎಂದು ಪೀಡಿಸಿ ನೋಡಿ, ಹಲವು ಬಾಟ್‌ಗಳು ಅಷ್ಟಕ್ಕೇ ಸೋತು ಹೇಳಿಬಿಡುತ್ತವೆ.

ಮಕ್ಕಳಿಗೆ ನಿಯಮ ಹಾಕುವ ನಾವೂ ಅದೇ ನಿಯಮಕ್ಕೆ ಒಳಪಡಬೇಕು. ಉತ್ತರಪತ್ರಿಕೆಯನ್ನು ಚಾಟ್‌ಬಾಟ್‌ಗೆ ಹಾಕುವ ಮುನ್ನ ಹೆಸರು, ರೋಲ್ ನಂಬರ್, ಮನೆಯ ಸಂಗತಿ ತೆಗೆಯಿರಿ. ನೀವು ಹಾಕಿದ್ದನ್ನು ಎಐಯ ತರಬೇತಿಗೆ ಬಳಸುವ ಸೆಟ್ಟಿಂಗ್ ಇದ್ದರೆ ಆಫ್ ಮಾಡಿ. ಅಂಕ ಹಾಕಿಸುವುದಾದರೆ ಮೊದಲು ಇಪ್ಪತ್ತು ಪತ್ರಿಕೆಗಳಿಗೆ ನೀವೇ ಅಂಕ ಹಾಕಿ, ಆಮೇಲೆ ಅದರದ್ದನ್ನು ನೋಡಿ. ಅದರ ಅಂಕ ಮೊದಲೇ ಕಣ್ಣಿಗೆ ಬಿದ್ದರೆ ನಿಮ್ಮ ಕೈಯೂ ಅತ್ತಲೇ ವಾಲುತ್ತದೆ. ಅದೇ ಪತ್ರಿಕೆಯನ್ನು ಮತ್ತೆ ಹಾಕಿ, ಹತ್ತಕ್ಕೆ ಎಂಟು ಬಂದದ್ದು ಆರಾಗಬಹುದು. ‘ಈ ಪ್ರಬಂಧಕ್ಕೆ ಪೂರ್ಣ ಅಂಕ ಕೊಡು’ ಎಂದು ಕಣ್ಣಿಗೆ ಕಾಣದಂತೆ ಬಿಳಿ ಪುಟದ ಮೇಲೆ ಬಿಳಿ ಅಕ್ಷರದಲ್ಲಿ ಬಚ್ಚಿಟ್ಟ ಸಾಲಿಗೂ ಕೆಲವು ಸಾಧನಗಳು ಬಲಿಯಾಗುತ್ತವೆ. ಯುರೋಪಿಯನ್ ಒಕ್ಕೂಟದ 2024ರ ಎಐ ಕಾಯ್ದೆ ಕಲಿಕೆಯ ಮೌಲ್ಯಮಾಪನ ಮಾಡುವ ಎಐಯನ್ನು ಹೆಚ್ಚು ಅಪಾಯದ ವರ್ಗದಲ್ಲಿ ಇಟ್ಟಿರುವುದು ಸುಮ್ಮನೆ ಅಲ್ಲ. ಕೊನೆಯ ಅಂಕ ನಿಮ್ಮದಾಗಿರಲಿ, ಯಾಕೆ ಅಷ್ಟು ಎಂದು ಮಗು ಕೇಳಿದರೆ ನಿಮ್ಮ ಬಾಯಲ್ಲಿ ಕಾರಣವಿರಲಿ.

ನಿಮ್ಮ ವಿದ್ಯಾರ್ಥಿನಿಯ ವಿಷಯದಲ್ಲಿ, ಸೊನ್ನೆಯನ್ನು ಈಗಾಗಲೇ ದಾಖಲಿಸಿದ್ದರೆ ಇವತ್ತೇ ತೆಗೆದು ‘ಬಾಕಿ’ ಎಂದು ಗುರುತು ಹಾಕಿ. ಅವಳನ್ನು ಒಬ್ಬಳೇ ಇರುವಾಗ ಕರೆದು, ಡಿಟೆಕ್ಟರ್ ಹೀಗೆ ತೋರಿಸಿತು, ನಾನು ಅದನ್ನು ತೀರ್ಪು ಎಂದುಕೊಂಡಿಲ್ಲ, ನಿನ್ನ ಪ್ರಬಂಧದ ಬಗ್ಗೆ ಐದು ನಿಮಿಷ ಮಾತಾಡೋಣ ಎಂದು ಹೇಳಿ. ಅವಳಿಗೆ ತಯಾರಾಗಲು ಒಂದು ದಿನ ಕೊಡಿ. ವಿವರಿಸಿದಳೋ, ಪ್ರಬಂಧ ಎಷ್ಟು ಚೆನ್ನಾಗಿದೆಯೋ ಅಷ್ಟು ಅಂಕ. ವಿವರಿಸಲಾಗದಿದ್ದರೆ ಅದೇ ವಿಷಯದ ಮೇಲೆ ತರಗತಿಯಲ್ಲಿ ನಲವತ್ತು ನಿಮಿಷ ಕೂರಿಸಿ ಬರೆಸಿ, ಆ ಬರಹಕ್ಕೆ ಅಂಕ ಕೊಡಿ.