ಚರ್ಚಿನ ಹೊರಗೋಡೆ: ಬಣ್ಣಕ್ಕೆ ಮೊದಲು ನೀರು ನೋಡಿ

ಪ್ರಶ್ನೆ: ಚಿತ್ರದುರ್ಗದ ಕಡೆಯ ನಮ್ಮ ಹಳೆಯ ಚರ್ಚು ಕಲ್ಲು-ಗಾರೆಯದು. ಹೊರಗೆ ಸಿಮೆಂಟ್ ಬಳಿಸಿ ಪೇಂಟ್ ಹೊಡೆಸಿದ್ದೆವು. ಈಗ ಬುಡದಿಂದ ಮೂರಡಿವರೆಗೆ ಬಣ್ಣ ಹಪ್ಪಳದಂತೆ ಏಳುತ್ತಿದೆ. ಹಬ್ಬದೊಳಗೆ ಮತ್ತೆ ಹೊಡೆಸಬಹುದೇ?

ಉತ್ತರ: ಬೇಡ, ದುಡ್ಡು ದಂಡ. ಗೋಡೆ ನೆಲದ ತೇವ ಹೀರುತ್ತದೆ, ಸಿಮೆಂಟ್ ಅದನ್ನು ಹೊರಗೆ ಬಿಡುವುದಿಲ್ಲ. ಎದ್ದ ಬಣ್ಣದ ಹಿಂದೆ ಬೆರಳಾಡಿಸಿ. ಬಿಳಿ ಪುಡಿ ಅಂಟಿದರೆ ಅದು ಉಪ್ಪು.

ಮೊದಲು ಸೂರಿನ ನೀರು ಹಿಡಿಯಲು ಅಂಚಿಗೆ ದೋಣಿ (ಗಟರ್), ಪೈಪು ಹಾಕಿಸಿ. ಬುಡದ ನೆಲ ಹೊರಕ್ಕೆ ಇಳಿಜಾರಾಗಿರಲಿ. ಆಮೇಲೆ ತೇವದ ಗೆರೆಯಿಂದ ಒಂದಡಿ ಮೇಲಿನವರೆಗೆ ಸಿಮೆಂಟ್ ಕೆತ್ತಿಸಿ. ಉಳಿಯಿಂದಲೇ, ಬ್ರೇಕರ್ ಯಂತ್ರ ಹಿಡಿದರೆ ಕಲ್ಲು ಅಲುಗುತ್ತದೆ. ಒಂದು ಬೇಸಿಗೆ ಒಣಗಲು ಬಿಡಿ. ಉಪ್ಪನ್ನು ಒಣ ಬ್ರಷ್‌ನಿಂದ ಗುಡಿಸಿ, ತೊಳೆದರೆ ಮತ್ತೆ ಒಳಗಿಳಿಯುತ್ತದೆ.

ಕೆತ್ತಿದ ಜಾಗಕ್ಕೆ ಬಳಿಯುವ ಗಾರೆಗೆ 1 ಪಾಲು ಅರಳಿದ ಸುಣ್ಣ, 3 ಪಾಲು ತೊಳೆದ ಮರಳು. ಪದರ 10–12 ಮಿ.ಮೀ. ಮೀರದಿರಲಿ. ದುರ್ಗದ ಒಣಗಾಳಿಗೆ ಬಿರುಕು ಬಿಡುತ್ತದೆ, ವಾರವಿಡೀ ಒದ್ದೆ ಗೋಣಿ ಇಳಿಬಿಡಿ. ನವೆಂಬರ್–ಫೆಬ್ರವರಿ ಒಳ್ಳೆಯ ಕಾಲ. ಮೇಲೆ ಸುಣ್ಣ ಬಳಿದರೆ ಸಾಕು. ಅಂದಾಜುಪಟ್ಟಿ ಫಾದರ್ ಮೂಲಕ ಮೊದಲೇ ನಿಮ್ಮ ಧರ್ಮಪ್ರಾಂತ್ಯದ ಕಚೇರಿಯಾದ ಶಿವಮೊಗ್ಗದ ಬಿಷಪ್ ಹೌಸ್‌ಗೆ ಹೋಗಲಿ.

ಮೇಸ್ತ್ರಿ ‘ಗಟ್ಟಿಗೆ ಒಂದು ಬಾಂಡ್ಲಿ ಸಿಮೆಂಟ್ ಸೇರಿಸೋಣ’ ಅಂದೇ ಅನ್ನುತ್ತಾರೆ. ಒಪ್ಪಬೇಡಿ.