ಓದುಗರು ಕೇಳಿದ್ದು: ಶಾಲೆ ಅಂಗಳದಲ್ಲಿ ಮೂಕಿ ಪಾಠಚಿತ್ರ ತೋರಿಸುವುದು ಹೇಗೆ?

ಸಿನಿಮಾಕ್ಕೆ ಮಾತು ಬರುವ ಮೊದಲು ಶಾಲೆಗಳಿಗಾಗಿ, ಜನರ ತಿಳಿವಳಿಕೆಗಾಗಿ ಮಾಡಿದ ಚಿತ್ರಗಳ ಬಗ್ಗೆ ಈ ಸಲ ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಜಾಸ್ತಿ ಪ್ರಶ್ನೆ ಬಂದಿವೆ. ಎಲ್ಲವನ್ನೂ ಒಂದೇ ಕಡೆ ತೆಗೆದುಕೊಂಡಿದ್ದೇನೆ.

ನಮ್ಮ ಶಾಲೆ ಅಂಗಳದಲ್ಲಿ ಒಂದು ಸಂಜೆ ನೂರು ವರ್ಷ ಹಳೆಯ ಮೂಕಿ ವಿಜ್ಞಾನ ಚಿತ್ರಗಳನ್ನು ಊರವರಿಗೆಲ್ಲ ತೋರಿಸಬೇಕು ಅಂತಿದ್ದೇವೆ. ಮೊಬೈಲ್ ನೋಡುವ ಮಕ್ಕಳು ಇದನ್ನು ಕೂತು ನೋಡ್ತಾರಾ? ನಡುನಡುವೆ ಬರುವ ಬರಹ, ಅಂದರೆ ಟೈಟಲ್ ಎಲ್ಲ ಇಂಗ್ಲಿಷಲ್ಲಿವೆ. – ಶಿಕ್ಷಕಿ, ಆಳಂದ

ನೋಡ್ತಾರೆ. ಆದರೆ ಪರದೆ ಪಕ್ಕ ಒಬ್ಬರು ನಿಂತು ಮಾತಾಡಬೇಕು. ಅದಿಲ್ಲದೆ ಸುಮ್ನೆ ಹಾಕಿಬಿಟ್ಟರೆ ಹತ್ತು ನಿಮಿಷಕ್ಕೆ ಅಂಗಳ ಖಾಲಿ.

ಇದು ನನ್ನ ಹೊಸ ಉಪಾಯ ಅಲ್ಲ. ಈ ಚಿತ್ರಗಳನ್ನು ಮಾಡಿದವರ ಲೆಕ್ಕವೇ ಹಾಗಿತ್ತು. 1920ರ ದಶಕದ ಕೊನೆಯಲ್ಲಿ ಈಸ್ಟ್‌ಮನ್ ಕೊಡಕ್ ಕಂಪನಿ ಅಮೆರಿಕದ ಶಾಲೆಗಳಿಗೆ 16 ಎಂಎಂ ಅಗಲದ ಫಿಲ್ಮಿನಲ್ಲಿ ಮೂಕಿ ಪಾಠಚಿತ್ರ ಮಾಡಿದಾಗ, ಜೊತೆಗೆ ಮೇಷ್ಟ್ರಿಗೆ ಒಂದು ಕೈಪಿಡಿ ಕೊಡುತ್ತಿತ್ತು. ಚಿತ್ರ ತೋರಿಸುತ್ತದೆ, ಮೇಷ್ಟ್ರು ಹೇಳುತ್ತಾರೆ. ನಮ್ಮ ದೇಶದ ಮೂಕಿ ಕಾಲದಲ್ಲೂ ಟೈಟಲ್‌ಗಳನ್ನು ಎರಡು ಮೂರು ಭಾಷೆಯಲ್ಲಿ ಹಾಕುತ್ತಿದ್ದರು, ಓದಲು ಬಾರದವರಿಗಾಗಿ ಯಾರೋ ಒಬ್ಬರು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಹಾಗಾಗಿ ಇಂಗ್ಲಿಷ್ ಟೈಟಲ್ ನಿಮಗೆ ತೊಡಕೇ ಅಲ್ಲ. ಟೈಟಲ್ ಬಂದಾಗ ಚಿತ್ರ ನಿಲ್ಲಿಸಿ, ನಿಮ್ಮೂರಿನ ಕನ್ನಡದಲ್ಲಿ ಹೇಳಿ, ಬೇಕಾದರೆ ಉರ್ದುವಿನಲ್ಲೂ ಮರಾಠಿಯಲ್ಲೂ ಒಂದೊಂದು ಮಾತು ಸೇರಿಸಿ, ಮತ್ತೆ ಬಿಡಿ. ಪುಸ್ತಕದ ಕನ್ನಡ ಮಾತ್ರ ಬೇಡ.

ಏನು ತೋರಿಸಬೇಕು? ಪರ್ಸಿ ಸ್ಮಿತ್ ಎಂಬುವರು 1910ರಲ್ಲಿ ಇಂಗ್ಲೆಂಡಿನಲ್ಲಿ ತೆಗೆದ 'ದಿ ಬರ್ತ್ ಆಫ್ ಎ ಫ್ಲವರ್' ಇಂದ ಶುರು ಮಾಡಿ. ಹೂವು ಅರಳುವುದನ್ನು ಬಿಟ್ಟು ಬಿಟ್ಟು ಒಂದೊಂದೇ ಫ್ರೇಮ್, ಅಂದರೆ ಒಂದೊಂದೇ ಬಿಡಿ ಚಿತ್ರ ತೆಗೆದು, ಗಂಟೆಗಟ್ಟಲೆ ನಡೆಯುವುದನ್ನು ಕೆಲವೇ ಸೆಕೆಂಡಿಗೆ ಇಳಿಸಿದ್ದಾರೆ. ಆಮೇಲೆ ಮಕ್ಕಳಿಗೆ ದಾದಾಸಾಹೇಬ್ ಫಾಲ್ಕೆ ಕಥೆ ಹೇಳಿ. ಅವರು 1913ರಲ್ಲಿ 'ರಾಜಾ ಹರಿಶ್ಚಂದ್ರ' ತಂದರು ಅನ್ನುವುದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು 1912ರಲ್ಲಿ, ಸಾಲ ಕೊಡುವವರಿಗೆ ನಂಬಿಕೆ ಬರಲಿ ಅಂತ, ಕುಂಡದಲ್ಲಿ ಬಟಾಣಿ ಗಿಡ ಬೆಳೆಯುವುದನ್ನು ದಿನವೂ ಸ್ವಲ್ಪ ಸ್ವಲ್ಪ ತೆಗೆದು ಒಂದು ಪುಟ್ಟ ಚಿತ್ರ ಮಾಡಿದ್ದರು. ಅಂದರೆ ನಮ್ಮ ಸಿನಿಮಾದ ಬಂಡವಾಳ ಹುಟ್ಟಿದ್ದು ಒಂದು ಪಾಠಚಿತ್ರದಿಂದ. ನನಗಂತೂ ಇದು ತುಂಬಾ ದೊಡ್ಡ ವಿಷಯ ಅನ್ನಿಸುತ್ತದೆ.

ಇಲ್ಲಿ ನಿಮ್ಮ ಜಿಲ್ಲೆಗೆ ಒಂದು ಅನುಕೂಲ ಇದೆ. ತೊಗರಿ. ಪ್ರದರ್ಶನಕ್ಕೆ ಒಂದು ವಾರ ಮೊದಲೇ ಮಕ್ಕಳ ಕೈಯಲ್ಲಿ ಗಾಜಿನ ಲೋಟದ ಒಳಬದಿಗೆ ಒದ್ದೆ ಬಟ್ಟೆ ಸುತ್ತಿಸಿ, ಬಟ್ಟೆಗೂ ಗಾಜಿಗೂ ನಡುವೆ ನಾಲ್ಕು ತೊಗರಿ ಕಾಳು, ನಾಲ್ಕು ಹೆಸರು ಕಾಳು ಇಡಿಸಿ. ಅವು ಮೊಳೆತಾಗ ನೋಡಿ: ಹೆಸರಿನ ಎರಡು ಬೇಳೆ ಕಾಂಡದ ಜೊತೆ ಮೇಲಕ್ಕೆ ಎದ್ದು ಬರುತ್ತವೆ, ತೊಗರಿಯದು ಬಟಾಣಿಯ ಹಾಗೆ ಬೇಳೆ ಕೆಳಗೇ ಉಳಿದು ಚಿಗುರು ಮಾತ್ರ ಮೇಲೆ ಬರುತ್ತದೆ. ಆ ಲೋಟಗಳನ್ನು ಪರದೆ ಮುಂದೆ ಇಟ್ಟು ಚಿತ್ರ ತೋರಿಸಿ. ಊರಿನ ರೈತರೊಬ್ಬರನ್ನೇ ಮಾತಾಡಲು ನಿಲ್ಲಿಸಿದರೆ ಇನ್ನೂ ಚೆನ್ನ, ಮೊಳಕೆ ಬಗ್ಗೆ ಅವರಿಗಿಂತ ಯಾರಿಗೆ ಗೊತ್ತು?

ಒಂದು ಎಚ್ಚರಿಕೆ. ಆ ಕಾಲದ 'ತಿಳಿವಳಿಕೆ' ಚಿತ್ರಗಳಲ್ಲಿ ನಮ್ಮಂಥ ದೇಶದ ಜನರನ್ನು ಕೀಳಾಗಿ ತೋರಿಸಿದವೂ ಇವೆ. ನೀವೇ ಮೊದಲು ಪೂರ್ತಿ ನೋಡಿ. ಗಿಡ, ಹುಳ, ಯಂತ್ರದ ಚಿತ್ರಗಳಲ್ಲಿ ಆ ತೊಂದರೆ ಕಡಿಮೆ. ಹಕ್ಕಿನ ಭಯ ಬೇಡ, ನಮ್ಮ ಕಾನೂನಿನಲ್ಲಿ ಸಿನಿಮಾಕ್ಕೆ ಕಾಪಿರೈಟ್ ಬಿಡುಗಡೆಯಾದ ಮೇಲೆ 60 ವರ್ಷ ಮಾತ್ರ. ಆದರೆ ಈಚೆಗೆ ಯಾರಾದರೂ ಹೊಸ ಸಂಗೀತ ಸೇರಿಸಿದ್ದರೆ ಅದರ ಹಕ್ಕು ಬೇರೆ. ಸದ್ದು ಮುಚ್ಚಿ ತೋರಿಸಿ.

ಹಳೆ ಚಿತ್ರಗಳಲ್ಲಿ ಎಲ್ಲರೂ ಓಡೋಡಿ ನಡೆಯುತ್ತಾರಲ್ಲ, ಯಾಕೆ? – ಹುಮನಾಬಾದ್

ಅವರು ನಮ್ಮ ಹಾಗೇ ನಡೆದಿದ್ದರು. ಮೂಕಿ ಕಾಲದಲ್ಲಿ ಸೆಕೆಂಡಿಗೆ ಸುಮಾರು 16ರಿಂದ 20 ಫ್ರೇಮ್ ತೆಗೆಯುತ್ತಿದ್ದರು, ಕೈಯಿಂದ ತಿರುಗಿಸುವ ಕ್ಯಾಮೆರಾ, ಆಚೀಚೆ ಆಗುತ್ತಿತ್ತು. ಮಾತು ಬಂದ ಮೇಲೆ 24 ಖಾಯಂ ಆಯಿತು. ಹಳೆಯದನ್ನು 24ರಲ್ಲಿ ಓಡಿಸಿದರೆ ಓಟ ಕಾಣುತ್ತದೆ. ಲ್ಯಾಪ್‌ಟಾಪಿನಲ್ಲಿ ತೋರಿಸುವುದಾದರೆ ವೇಗ 0.75ಕ್ಕೆ ಇಳಿಸಿ, 24 ಇದ್ದದ್ದು 18 ಆಗುತ್ತದೆ. ಕೆಲವು ಪ್ರತಿಗಳಲ್ಲಿ ಇದನ್ನು ಮೊದಲೇ ಸರಿಪಡಿಸಿರುತ್ತಾರೆ, ಆದ್ದರಿಂದ ಜನ ನಡೆಯುವ ದೃಶ್ಯ ಒಂದನ್ನು ನೋಡಿ ತೀರ್ಮಾನಿಸಿ. ಪಾಠಚಿತ್ರಕ್ಕೆ ಇದು ಬಹಳ ಮುಖ್ಯ. ಕೈಕೆಲಸ ತೋರಿಸುವ ಚಿತ್ರ ಓಡಿಬಿಟ್ಟರೆ ಕಲಿಯುವುದೇನು?

ಹಳೆ ಮನೆಯ ಅಟ್ಟದಲ್ಲಿ ಫಿಲ್ಮಿನ ಡಬ್ಬಿಗಳು ಸಿಕ್ಕಿವೆ. ಮುಚ್ಚಳ ತೆಗೆದರೆ ಹುಳಿ ವಾಸನೆ. ಪ್ರೊಜೆಕ್ಟರ್ ಹುಡುಕಿ ಹಾಕಬಹುದಾ? – ಚಿತ್ತಾಪುರ

ದಯವಿಟ್ಟು ಹಾಕಬೇಡಿ. ಮೊದಲು ಅಗಲ ಅಳೆಯಿರಿ. 35 ಎಂಎಂ ಇದ್ದು 1950ಕ್ಕಿಂತ ಹಿಂದಿನದಾದರೆ ಅದು ನೈಟ್ರೇಟ್, ಅಂದರೆ ಬಹಳ ಬೇಗ ಬೆಂಕಿ ಹತ್ತುವ ಹಳೆ ಬಗೆಯ ಫಿಲ್ಮ್ ಆಗಿರಬಹುದು. ಅದು ಬೆಂಕಿ ಹತ್ತಿದರೆ ನೀರು ಸುರಿದರೂ ಆರುವುದಿಲ್ಲ, ಉರಿಯಲು ಬೇಕಾದ ಆಮ್ಲಜನಕ ಅದರೊಳಗೇ ಇರುತ್ತದೆ. ಅಟ್ಟದಿಂದ ಇಳಿಸಿ, ಒಲೆ, ಬೀಡಿ, ಬಿಸಿಲಿನಿಂದ ದೂರ ಇಡಿ.

16 ಎಂಎಂ ಆದರೆ ಗಾಬರಿ ಬೇಡ. ಕೊಡಕ್ 1923ರಲ್ಲಿ ಅದನ್ನು ತಂದಿದ್ದೇ ಮನೆ ಮತ್ತು ಶಾಲೆಗೆ ಅಂತ, ಬೇಗ ಬೆಂಕಿ ಹತ್ತದ ಅಸಿಟೇಟಿನಲ್ಲಿ. ಅಂಚಿನಲ್ಲಿ 'ಸೇಫ್ಟಿ' ಅಂತ ಇಂಗ್ಲಿಷಿನಲ್ಲಿ ಇರುತ್ತದೆ, ಭೂತಗನ್ನಡಿ ಹಿಡಿದು ನೋಡಿ. ಹಾಗೇ ತೂತುಗಳನ್ನೂ ನೋಡಿ. ಎರಡೂ ಅಂಚಿನಲ್ಲಿ ತೂತಿದ್ದರೆ ಮೂಕಿ ಅನ್ನಬಹುದು, ಯಾಕೆಂದರೆ ಮಾತಿನ ಫಿಲ್ಮಿನಲ್ಲಿ ಒಂದು ಅಂಚು ಸದ್ದಿನ ಪಟ್ಟಿಗೆ ಹೋಗುತ್ತದೆ.

ಹುಳಿ ವಾಸನೆ ಅಂದರೆ ಅಸಿಟೇಟ್ ಕೆಡುತ್ತಾ ವಿನೆಗರ್ ಬಿಡುತ್ತಿದೆ. ಫಿಲ್ಮ್ ಕುಗ್ಗುತ್ತದೆ, ತೂತುಗಳು ಪ್ರೊಜೆಕ್ಟರಿನ ಹಲ್ಲಿಗೆ ಹೊಂದುವುದಿಲ್ಲ, ಓಡಿಸಿದರೆ ಹರಿಯುತ್ತದೆ. ಪಕ್ಕದ ರೀಲಿಗೂ ಇದು ಅಂಟುತ್ತದೆ, ಹಾಗಾಗಿ ವಾಸನೆ ಬರುವ ಡಬ್ಬಿಗಳನ್ನು ಬೇರೆ ಇಡಿ. ನಮ್ಮ ಬೇಸಿಗೆಯ 42 ಡಿಗ್ರಿಯಲ್ಲಿ ಅಟ್ಟದ ಮೇಲೆ ಇನ್ನೊಂದು ವರ್ಷ ಬಿಟ್ಟರೆ ಏನೂ ಉಳಿಯದೆ ಹೋಗಬಹುದು. ಡಬ್ಬಿ ಮೇಲೆ ಬರೆದದ್ದರ, ಅಂಚಿನ ಗುರುತಿನ ಫೋಟೋ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಕಳಿಸಿ. 1964ರಿಂದ ಅವರ ಕೆಲಸವೇ ಇದು. ನೈಟ್ರೇಟ್ ಅನುಮಾನ ಇದ್ದರೆ ರೈಲಿನಲ್ಲಿ ಹೊತ್ತುಕೊಂಡು ಹೋಗಬೇಡಿ, ಮೊದಲು ಅವರನ್ನು ಕೇಳಿ.

ನಿಜಾಮರ ಕಾಲದಲ್ಲಿ ನಮ್ಮ ಕಡೆ ಮೂಕಿ ಚಿತ್ರ ಮಾಡಿದವರು ಇದ್ದರಾ? – ಶಹಾಪುರ

ಹೈದರಾಬಾದಿನಲ್ಲಿ ಇದ್ದರು. ಬಂಗಾಳದ ಧೀರೇಂದ್ರನಾಥ ಗಂಗೂಲಿ ಅಲ್ಲಿ ಲೋಟಸ್ ಫಿಲ್ಮ್ ಕಂಪನಿ ಕಟ್ಟಿದ್ದರು. 1924ರಲ್ಲಿ ರಜಿಯಾ ಬೇಗಂ ಕಥೆಯ ಚಿತ್ರ ತೋರಿಸಿದ್ದು ನಿಜಾಮರಿಗೆ ಸರಿಬರಲಿಲ್ಲ, ಸಂಸ್ಥಾನ ಬಿಟ್ಟು ಹೋಗಬೇಕಾಯಿತು.

ನಾನು ತಬಲಾ ನುಡಿಸುತ್ತೇನೆ. ಇಂಥ ಪ್ರದರ್ಶನಕ್ಕೆ ಕರೆದಿದ್ದಾರೆ. ಮೊಳಕೆ ಒಡೆಯುವುದಕ್ಕೆ ಏನು ನುಡಿಸಲಿ? – ಕಲಬುರಗಿ

ಎಂಥಾ ಒಳ್ಳೆ ಪ್ರಶ್ನೆ! ಮೂಕಿ ಕಾಲದಲ್ಲಿ ಪರದೆ ಹತ್ತಿರ ಹಾರ್ಮೋನಿಯಂ, ತಬಲಾ ಇರುತ್ತಿದ್ದವು, ನೀವು ಕೂರುವುದು ಅದೇ ಜಾಗದಲ್ಲಿ. ಆದರೆ ಕಥಾಚಿತ್ರಕ್ಕೂ ಪಾಠಚಿತ್ರಕ್ಕೂ ವ್ಯತ್ಯಾಸ ಇದೆ. ಇಲ್ಲಿ ಮಾತಾಡುವವರು ಒಬ್ಬರು ಇರುತ್ತಾರೆ, ಅವರ ಮಾತಿನ ಮೇಲೆ ಬಾರಿಸಬೇಡಿ. ಅವರು ನಿಲ್ಲಿಸಿದ ಕಡೆ ವಿಲಂಬಿತದಲ್ಲಿ, ನಿಧಾನ ಲಯದಲ್ಲಿ ಹಿಡಿಯಿರಿ, ಬೇರು ಇಳಿಯುವಷ್ಟು ಹೊತ್ತು ಎಡಗೈಯ ಬಾಯಾ ಒಂದೇ ಸಾಕು, ಚಿಗುರು ನೆಟ್ಟಗಾಗುವಾಗ ಬಲಗೈಯ ದಾಯಾಕ್ಕೆ ಬನ್ನಿ. ಸಿನಿಮಾ ಹಾಡಿನ ಠೇಕಾ ಬೇಡ, ಮಕ್ಕಳು ಹಾಡು ಗುರುತಿಸುವುದರಲ್ಲೇ ಇದ್ದುಬಿಡುತ್ತಾರೆ. ಹಿಂದಿನ ದಿನ ಮಾತಾಡುವವರ ಜೊತೆ ಕೂತು, ನಿಜವಾಗಿ ತೋರಿಸುವ ವೇಗದಲ್ಲೇ ಪೂರ್ತಿ ಒಂದು ಸಲ ನುಡಿಸಿ ನೋಡಿ. 24ರಲ್ಲಿ ಅಭ್ಯಾಸ ಮಾಡಿ 18ರಲ್ಲಿ ನುಡಿಸಲು ಕೂತರೆ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ.