ಹಳೇ ಶೀಟು ಇಳಿಸುವ ಮುನ್ನ

ಪ್ರಶ್ನೆ: ನಮ್ಮದು 30 ವರ್ಷದ ಸಿಮೆಂಟ್ ಶೀಟಿನ ಮನೆ. ಆರ್‌ಸಿಸಿ ಹಾಕಿಸಬೇಕು. ಶೀಟು ಒಡೆದು ಇಳಿಸಬಹುದೇ?
– ಓದುಗರು, ಶಿರಾ

ಉತ್ತರ: ಒಡೆಯಲೇಬೇಡಿ. ಆ ಕಾಲದ ಶೀಟಿನಲ್ಲಿ ಕಲ್ನಾರು, ಅಂದರೆ ಆಸ್‌ಬೆಸ್ಟಾಸ್, ಇದೆಯೆಂದೇ ಹಿಡಿಯಿರಿ. ಗಟ್ಟಿಯಾಗಿದ್ದಾಗ ಅಪಾಯ ಕಡಿಮೆ; ಒಡೆದರೆ, ಕೊರೆದರೆ ಕಣ್ಣಿಗೆ ಕಾಣದ ಎಳೆಗಳು ಶ್ವಾಸಕೋಶ ಸೇರುತ್ತವೆ. ಕಾಯಿಲೆ ತಲೆದೋರಲು 20–40 ವರ್ಷ ಹಿಡಿಯಬಹುದು, ಹಾಗಾಗಿಯೇ ಯಾರೂ ಹೆದರುವುದಿಲ್ಲ!

ಇಳಿಸುವ ಮೊದಲು ಧೂಳೇಳದಂತೆ ಸೋಪು ಬೆರೆಸಿದ ನೀರನ್ನು ಶೀಟಿನ ಎರಡೂ ಬದಿಗೆ ಸಿಂಪಡಿಸಿ. ಶೀಟನ್ನು ಹಿಡಿದಿಡುವ ತುಕ್ಕು ಹಿಡಿದ ಜೆ-ಹುಕ್ಕನ್ನು (ಜೆ ಆಕಾರದ ಕೊಕ್ಕೆ) ಬೋಲ್ಟ್ ಕಟರ್‌ನಲ್ಲಿ ಕತ್ತರಿಸಿ, ಗ್ರೈಂಡರ್ ಬೇಡ. ಶೀಟಿನ ಮೇಲೆ ಕಾಲಿಟ್ಟರೆ ಮುರಿದು ಆಳು ಕೆಳಗೆ ಬೀಳುತ್ತಾನೆ. ಬಟ್ಟೆ ಮಾಸ್ಕ್ ಸಾಲದು, ಸೂಕ್ಷ್ಮ ಧೂಳು ತಡೆಯುವ ಎಫ್‌ಎಫ್‌ಪಿ3 ದರ್ಜೆಯ ಮಾಸ್ಕ್ ಬೇಕು. ಧೂಳನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಇಳಿಸಿದ ಶೀಟನ್ನು 200 ಮೈಕ್ರಾನ್ ಪ್ಲಾಸ್ಟಿಕ್‌ನಲ್ಲಿ ಸುತ್ತಿಡಿ. ದನದ ಕೊಟ್ಟಿಗೆಗೆ ಹೊದಿಸುವ ಆಸೆಯೂ ಬೇಡ. ವಿಲೇವಾರಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ತುಮಕೂರು ಕಚೇರಿಯಲ್ಲಿ ವಿಚಾರಿಸಿ.